ಒಂದೇ ನಾಣ್ಯಕ್ಕೆ ಇಪ್ಪತ್ತೊಂದು ಮುದ್ರೆಗಳು

ನಮ್ಮ ಸ್ನೇಹಿತರೊಬ್ಬರು ಯುರೋಪ ಖಂಡದ ಪ್ರವಾಸವನ್ನು ಮುಗಿಸಿಕೊಂಡು ಮೊನ್ನೆ ಊರಿಗೆ ಮರಳಿದರು. ಸಂಜೆಯ ಹೊತ್ತು ನಾಲ್ಕು ಜನರು ಕೂಡಿದ್ದಾಗ, ಜೇಬಿನಲ್ಲಿ ಉಳಿದುಕೊಂಡಿದ್ದ ಅಲ್ಲಿಯ ಚಿಲ್ಲರೆಯನ್ನು ತೆಗೆದು ಚಾಪೆಯ ಮೇಲೆ ಹರವಿದರು. ವಿಯೆನ್ನಾ ನಗರದ ಒಂದೇ ಅಂಗಡಿಯಲ್ಲಿ ರೊಟ್ಟಿ ಕೊಂಡಾಗ ಅಂಗಡಿಯವನು ಎಣಿಸಿ ಕೊಟ್ಟ ಚಿಲ್ಲರೆಯಂತೆ ಅದು. ಒಂದರ ಮೇಲೆ ಹದ್ದು, ಒಂದರ ಮೇಲೆ ತಂತಿಯ ವಾದ್ಯ, ಒಂದರ ಮೇಲೆ ಗೂಬೆ, ಇನ್ನೊಂದರ ಮೇಲೆ ಆ ನಾಡಿನ ಪ್ರಸಿದ್ಧ ಸಂಗೀತಗಾರನಾದ ಮೊಜಾರ್ಟನ ಮುಖ. ನಮ್ಮ ನಡುವೆ ಕುಳಿತಿದ್ದ ಶಾಲಾ ಮಾಸ್ತರರು ಒಂದೊಂದನ್ನೇ ತಿರುವಿ ನೋಡಿ, "ಇವು ಯಾವ ದೇಶದ ನಾಣ್ಯಗಳು?" ಎಂದು ಕೇಳಿದರು. "ಒಂದೇ ದೇಶದವೂ ಅಲ್ಲ, ಬೇರೆ ಬೇರೆ ದೇಶದವೂ ಅಲ್ಲ" ಎಂದು ಸ್ನೇಹಿತರು ನಕ್ಕರು. ಈ ಉತ್ತರದಿಂದ ಮಾಸ್ತರರಿಗೆ ತೃಪ್ತಿಯಾಗಲಿಲ್ಲ. ನಿಜ ಹೇಳಬೇಕಾದರೆ ನಮಗೂ ಆಗಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡ ಸಂಗತಿಗಳನ್ನೂ, ಅವುಗಳಿಂದ ಮನಸ್ಸಿಗೆ ಹೊಳೆದ ಒಂದೆರಡು ವಿಚಾರಗಳನ್ನೂ ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ವಕೀಲಿಯ ಕಸುಬಿನವರ ಕಣ್ಣಿಗೆ ಎಲ್ಲವೂ ದಸ್ತೈವಜಾಗಿಯೇ ಕಾಣುವದೆಂದು ಜನರು ಹಾಸ್ಯ ಮಾಡುವದುಂಟು. ಇರಲಿ. ನಾಣ್ಯವೆಂಬದು ಪ್ರಭುತ್ವವು ಪ್ರಜೆಗೆ ಬರೆದುಕೊಟ್ಟ, ಎಲ್ಲಕ್ಕೂ ಚಿಕ್ಕದಾದ ದಸ್ತೈವಜೇ ಆಗಿರುವದು. ಬರೆದುಕೊಟ್ಟವನ ಹೆಸರು ಅದರಲ್ಲುಂಟು, ಮುದ್ರೆಯುಂಟು, ಮೊತ್ತವುಂಟು, ಇಸವಿಯುಂಟು. ಓದು ಬಾರದ ಒಕ್ಕಲಿಗನೂ ದಿನಕ್ಕೆ ಹತ್ತು ಸಲ ಕೈಯಲ್ಲಿ ಹಿಡಿಯುವ ಸರಕಾರಿ ಕಾಗದವು ಇದೊಂದೇ. ಈ ಕಾರಣದಿಂದಲೇ ಹಿಂದಿನ ಅರಸರು ಸಿಂಹಾಸನವನ್ನೇರಿದ ಕೂಡಲೆ ಟಂಕಸಾಲೆಯ ಕಡೆಗೆ ಲಕ್ಷ್ಯವನ್ನು ಕೊಡುತ್ತಿದ್ದರು. ಚಾಲುಕ್ಯರ ವರಾಹ ಲಾಂಛನವು ಧ್ವಜದ ಮೇಲಿಂದ ಇಳಿದುಹೋಗಿ ಶತಮಾನಗಳು ಕಳೆದರೂ 'ವರಹ'ವೆಂಬ ನಾಣ್ಯದ ಹೆಸರು ನಮ್ಮ ಅಜ್ಜಂದಿರ ಬಾಯಲ್ಲಿ ಉಳಿದುಕೊಂಡು ಬಂದಿತು. ಪ್ರಾಚೀನ ಗ್ರೀಕರ ದ್ರಾಖ್ಮವು ಕಡಲನ್ನು ದಾಟಿ ಬಂದು, 'ದ್ರಮ್ಮ'ವೆಂಬ ರೂಪದಿಂದ ನಮ್ಮ ಶಾಸನಗಳಲ್ಲಿಯೂ ಸ್ಥಾನ ಪಡೆದಿರುವದು. ರಾಜ್ಯಗಳಿಗಿಂತ ನಾಣ್ಯದ ಹೆಸರಿಗೆ ಆಯುಷ್ಯ ಹೆಚ್ಚು.

ಅಂಥ ದ್ರಾಖ್ಮವೇ ಇಸವಿ 2002ರಲ್ಲಿ ಗ್ರೀಸ ದೇಶದ ಪೇಟೆಗಳಿಂದ ಕಣ್ಮರೆಯಾಯಿತು. ಆ ವರ್ಷದ ಜನೇವರಿ 1ರಂದು ಹನ್ನೆರಡು ರಾಷ್ಟ್ರಗಳು ತಂತಮ್ಮ ನಾಣ್ಯವನ್ನು ಬದಿಗಿಟ್ಟು ಯೂರೋ ಎಂಬ ಒಂದೇ ನಾಣ್ಯವನ್ನು ಕೈಗೆತ್ತಿಕೊಂಡವು. ಜರ್ಮನರ ಮಾರ್ಕು, ಫ್ರೆಂಚರ ಫ್ರಾಂಕು, ಇಟಲಿಯವರ ಲೀರ ಇವೆಲ್ಲ ಆ ವರ್ಷವೇ ವಸ್ತುಸಂಗ್ರಹಾಲಯವನ್ನು ಸೇರಿದವು. ಲೆಕ್ಕಪತ್ರಗಳಲ್ಲಿ ಯೂರೋ 1999ರಿಂದಲೇ ಇದ್ದಿತು; ಆದರೆ ಲೆಕ್ಕದ ಪುಸ್ತಕದಲ್ಲಿಯ ಹಣ ಬೇರೆ, ಅಂಗೈಯ ಮೇಲಿನ ಹಣ ಬೇರೆ. ಜನರಿಗೆ ಸಂಗತಿಯ ಅರಿವಾದದ್ದು ಕೈಗೆ ಬಿಸಿ ತಾಗಿದ ಮೇಲೆಯೇ. 1936 ಲೀರ ಮತ್ತು ಒಂದಿಷ್ಟು ಕೊಟ್ಟರೆ ಒಂದು ಯೂರೋ! ಇಟಲಿಯ ಮುದುಕಿಯೊಬ್ಬಳು ತರಕಾರಿಯ ಅಂಗಡಿಯ ಮುಂದೆ ನಿಂತು ಈ ಭಾಗಾಕಾರವನ್ನು ಹೇಗೆ ಮಾಡಿರಬೇಕೆಂಬದನ್ನು ವಾಚಕರೇ ಊಹಿಸಿಕೊಳ್ಳಬೇಕು. ತರುವಾಯ ಒಂದೊಂದಾಗಿ ಇತರ ರಾಷ್ಟ್ರಗಳೂ ಸೇರುತ್ತ ಬಂದು, 2026ರ ಜನೇವರಿ 1ರಂದು ಬಲ್ಗೇರಿಯವು ಸೇರಿದ ಮೇಲೆ ಅವುಗಳ ಸಂಖ್ಯೆಯು ಇಪ್ಪತ್ತೊಂದಾಗಿರುವದು.

ಇಷ್ಟು ರಾಷ್ಟ್ರಗಳಿಗೆ ಒಂದೇ ನಾಣ್ಯವೆಂದ ಮೇಲೆ ಅದರ ಮೇಲೆ ಯಾರ ಮುಖ, ಯಾರ ಲಿಪಿ, ಯಾರ ಲಾಂಛನವಿರಬೇಕು? ನೂರಾರು ವರ್ಷ ಒಬ್ಬರನ್ನೊಬ್ಬರು ಇರಿದುಕೊಂಡು ಬಂದ ಜನಾಂಗಗಳು ಇವು. ಎರಡು ಮಹಾಯುದ್ಧಗಳ ನೆನಪು ಇನ್ನೂ ಆರಿರಲಿಲ್ಲ. ಅವರು ಕಂಡುಕೊಂಡ ಉಪಾಯವು ಸರಳವಾದದ್ದು. ನಾಣ್ಯದ ಒಂದು ಮಗ್ಗಲು ಎಲ್ಲರಿಗೂ ಸಮಾನ. ಅಲ್ಲಿ ಬೆಲೆಯ ಅಂಕೆ, ಖಂಡದ ನಕ್ಷೆ, ಹನ್ನೆರಡು ನಕ್ಷತ್ರಗಳು. ಮತ್ತೊಂದು ಮಗ್ಗಲು ಆಯಾ ರಾಷ್ಟ್ರದ ಸ್ವಂತದ್ದು; ಅಲ್ಲಿ ಅವರವರ ಮನಸ್ಸಿಗೆ ಬಂದ ಚಿತ್ರ. ಯಾರ ಟಂಕಸಾಲೆಯಲ್ಲಿ ಹುಟ್ಟಿದರೂ ನಾಣ್ಯವು ಎಲ್ಲ ರಾಷ್ಟ್ರಗಳಲ್ಲಿಯೂ ಒಂದೇ ಬೆಲೆಗೆ ಸಲ್ಲತಕ್ಕದ್ದೆಂದು ಕಾಯದೆಯುಂಟು. ಐರ್ಲಂಡದ ವಾದ್ಯದ ನಾಣ್ಯವನ್ನು ಗ್ರೀಸ ದೇಶದ ಮೀನುಗಾರನು ಬೇಡವೆನ್ನುವಂತಿಲ್ಲ. ಒಂದು ಸೆಂಟಿನಿಂದ ಮೊದಲುಗೊಂಡು ಎರಡು ಯೂರೋದ ವರೆಗೆ ಎಂಟು ಬಗೆಯ ನಾಣ್ಯಗಳು. ಸಮಾನ ಮಗ್ಗಲಿನ ಚಿತ್ರವನ್ನು ಬರೆದವನು ಬೆಲ್ಜಿಯಂ ದೇಶದ ಟಂಕಸಾಲೆಯಲ್ಲಿದ್ದ ಲೂಕ್ ಲೌಕ್ಸನೆಂಬ ಕಲಾವಿದನು. ಅಂಚಿನ ಗೀರುಗಳೂ ದಪ್ಪವೂ ಒಂದೊಂದಕ್ಕೆ ಒಂದೊಂದು ತೆರನಾಗಿ ಇರುವದರಿಂದ ಕಣ್ಣಿಲ್ಲದವರೂ ಬೆರಳಿನಿಂದ ಬೆಲೆಯನ್ನು ಓದಬಹುದು. ಇದು ನಿಜವಾಗಿಯೂ ಮೆಚ್ಚತಕ್ಕ ಮಾತು.

ನಕ್ಷತ್ರಗಳ ವಿಷಯದಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆಯುಂಟು. ಹನ್ನೆರಡು ರಾಷ್ಟ್ರಗಳಿಂದ ಆರಂಭವಾದ ನಾಣ್ಯವಾದ್ದರಿಂದ ಹನ್ನೆರಡು ನಕ್ಷತ್ರಗಳೆಂದು ನಮ್ಮ ಸ್ನೇಹಿತರೂ ಹೇಳಿದರು. ಹಾಗಲ್ಲ, ಆ ಧ್ವಜವು 1955ರಲ್ಲಿಯೇ ಅಂಗೀಕೃತವಾದದ್ದು, ಹನ್ನೆರಡೆಂಬದು ಅಲ್ಲಿ ಪೂರ್ಣತೆಯ ಸಂಖ್ಯೆಯೇ ಹೊರತು ಸದಸ್ಯರ ಎಣಿಕೆಯಲ್ಲ. ನಕ್ಷೆಯ ಕಥೆಯು ಇದಕ್ಕೂ ಸ್ವಾರಸ್ಯವಾದದ್ದು. ಮೊದಲು ಹತ್ತು, ಇಪ್ಪತ್ತು, ಐವತ್ತು ಸೆಂಟುಗಳ ಮೇಲೆ ಒಕ್ಕೂಟದ ಹದಿನೈದು ದೇಶಗಳನ್ನು ಒಂದಕ್ಕೊಂದು ತಾಗದಂತೆ, ನಡುಗಡ್ಡೆಗಳ ಹಾಗೆ ಬಿಡಿಬಿಡಿಯಾಗಿ ಕೊರೆದಿದ್ದರು. ಹೊಸಬರು ಸೇರುತ್ತ ಬಂದಂತೆ ಆ ಚಿತ್ರವು ಹಳತಾಯಿತು. 2007ರಿಂದ ಗಡಿಗೆರೆಗಳೇ ಇಲ್ಲದ ಅಖಂಡ ನಕ್ಷೆಯನ್ನು ಮುದ್ರಿಸಲಾರಂಭಿಸಿದರು. ಆದರೆ ಪೂರ್ವದಲ್ಲಿ ತುರ್ಕಸ್ಥಾನವನ್ನು ಕೈಬಿಟ್ಟದ್ದರಿಂದ, ಅದರ ಕೆಳಗಿರುವ ಸೈಪ್ರಸ ದ್ವೀಪವನ್ನು ನೂರಾರು ಮೈಲು ಪಶ್ಚಿಮಕ್ಕೆ ಸರಿಸಿ ಕೂಡ್ರಿಸಬೇಕಾಯಿತು! ಭೂಗೋಲದ ಪರೀಕ್ಷೆಯಲ್ಲಿ ಹುಡುಗನೊಬ್ಬನು ಹೀಗೆ ಬರೆದಿದ್ದರೆ ನಮ್ಮ ಮಾಸ್ತರರು ಕಿವಿ ಹಿಂಡುತ್ತಿದ್ದರು.

ನಾಣ್ಯಗಳನ್ನು ಹೀಗೆ ಮಾಡಿದವರು ನೋಟುಗಳ ವಿಷಯದಲ್ಲಿ ಬೇರೆಯೇ ದಾರಿಯನ್ನು ಹಿಡಿದರೆಂಬದನ್ನು ಇಲ್ಲಿ ಲಕ್ಷ್ಯದಲ್ಲಿಡಬೇಕು. ನೋಟಿನ ಮೇಲೆ ಯಾವ ರಾಷ್ಟ್ರದ ಕುರುಹೂ ಬರಕೂಡದೆಂದು ನಿಶ್ಚಯಿಸಿದರು. ಆಸ್ಟ್ರಿಯದ ರಾಬರ್ಟ್ ಕಲೀನ ಎಂಬ ಕಲಾವಿದನು ಕಿಟಕಿಗಳನ್ನೂ ಬಾಗಿಲುಗಳನ್ನೂ ಸೇತುವೆಗಳನ್ನೂ ಬರೆದನು. ಆದರೆ ಆ ಸೇತುವೆಗಳು ಯಾವ ಹೊಳೆಯ ಮೇಲೂ ಇರಲಿಲ್ಲ. ರೋಮನ ಕಾಲದ್ದೊಂದು ಮಾದರಿ, ಗೋಥಿಕ ಮಾದರಿಯದೊಂದು, ಹೊಸ ಕಾಲದ್ದೊಂದು, ಹೀಗೆ ಎಲ್ಲವೂ ಕಲ್ಪನೆಯವೇ. ನಿಜವಾದೊಂದು ಸೇತುವೆಯನ್ನು ಬರೆದರೆ ಆ ಹೊಳೆಯ ದಂಡೆಯವರು ಹಿಗ್ಗುವರು, ಉಳಿದವರು ಮುನಿಯುವರು ಎಂಬ ಭಯವು. ಕೊನೆಗೆ ಹಾಲಂಡದ ಸ್ಪೈಕೆನಿಸ್ಸೆ ಎಂಬ ಊರಿನವರು ಆ ಕಲ್ಪನೆಯ ಸೇತುವೆಗಳನ್ನು ನೋಟಿನಲ್ಲಿದ್ದ ಬಣ್ಣದಲ್ಲಿಯೇ ನಿಜವಾಗಿ ಕಟ್ಟಿಬಿಟ್ಟು, ಯಾರದೂ ಅಲ್ಲದ್ದನ್ನು ತಮ್ಮದಾಗಿ ಮಾಡಿಕೊಂಡರು. ಈ ಹಾಸ್ಯವನ್ನು ನಾವು ಬಹಳ ಮೆಚ್ಚಿದೆವು. ಯಾರನ್ನೂ ನೋಯಿಸಬಾರದೆಂದು ಯಾವ ಹೆಸರನ್ನೂ ಹೇಳದೆ ಹೋದ ಐಕ್ಯವು ಯಾರ ಮನಸ್ಸನ್ನೂ ಮುಟ್ಟಲಾರದು. ನೋಟಿನ ಸೇತುವೆಯನ್ನು ತೋರಿಸಿ 'ಇದು ನಮ್ಮದು' ಎಂದು ಮಗುವಿಗೆ ಹೇಳುವ ತಾಯಿಯು ಯುರೋಪದಲ್ಲಿ ಎಲ್ಲಿರುವಳು? ನಾಣ್ಯವನ್ನು ತೋರಿಸಿ ಹೇಳುವವರು ಇಪ್ಪತ್ತೊಂದು ನಾಡುಗಳಲ್ಲಿಯೂ ಇದ್ದಾರೆ.

ಹಾಗಾದರೆ ಯಾರು ಏನನ್ನು ಆರಿಸಿಕೊಂಡರು? ಅರಸರಿರುವ ಕಡೆ ಕೆಲಸ ಹಗುರಾಯಿತು. ಸ್ಪೇನ, ಬೆಲ್ಜಿಯಂ, ಹಾಲಂಡಗಳಲ್ಲಿ ಅರಸರ ಮುಖವು ಬಂದಿತು, ಅರಸನು ಬದಲಾದರೆ ಮುಖವೂ ಬದಲಾಗುವದು. ಇದರಲ್ಲಿ ಹೇಳತಕ್ಕದ್ದೇನೂ ಇಲ್ಲ. ಪ್ರಜಾಪ್ರಭುತ್ವಗಳ ಆಯ್ಕೆಯಲ್ಲಿಯೇ ಸ್ವಾರಸ್ಯವಿರುವದು. ಜರ್ಮನರು ದೊಡ್ಡ ನಾಣ್ಯಗಳ ಮೇಲೆ ತಮ್ಮ ಹಳೆಯ ಹದ್ದನ್ನು ಇಟ್ಟು, ನಡುವಣ ನಾಣ್ಯಗಳ ಮೇಲೆ ಬರ್ಲಿನ ನಗರದ ಬ್ರಾಂಡೆನಬುರ್ಗ ದ್ವಾರವನ್ನು ಕೊರೆಯಿಸಿದರು. 1961ರಿಂದ 1989ರ ವರೆಗೆ ಗೋಡೆಯು ಅಡ್ಡ ಬಂದು ಮುಚ್ಚಿಹೋಗಿದ್ದ ದ್ವಾರವದು. ಅದು ತೆರೆದಿರುವದು ಎದ್ದು ಕಾಣುವಂತೆ ಓರೆಯಾಗಿ ಚಿತ್ರಿಸಿದ್ದಾರೆ. ಒಡೆದು ಎರಡಾಗಿದ್ದ ಜನಾಂಗವು ಕೂಡಿತೆಂಬ ವರ್ತಮಾನವನ್ನು ಹತ್ತು ಸೆಂಟಿನ ಬಿಲ್ಲೆಯ ಮೇಲೆ ಇದಕ್ಕಿಂತ ಚೆನ್ನಾಗಿ ಹೇಗೆ ಬರೆಯಬಹುದು? ಇಟಲಿಯವರು ಎಂಟು ನಾಣ್ಯಗಳಿಗೆ ಎಂಟು ಬೇರೆ ಚಿತ್ರಗಳನ್ನು ಇಟ್ಟರು. ಎರಡು ಯೂರೋದ ಮೇಲೆ ರಾಫೇಲನು ಬರೆದ ಡಾಂಟೆ ಕವಿಯ ಮುಖ, ಒಂದರ ಮೇಲೆ ಲಿಯೊನಾರ್ಡೋ ಬರೆದ, ಕೈಕಾಲು ಚಾಚಿ ವೃತ್ತದಲ್ಲಿ ನಿಂತ ಮನುಷ್ಯಾಕೃತಿ. ಜನಭಾಷೆಯಲ್ಲಿ ಕಾವ್ಯವನ್ನು ಬರೆದು ಇಟಲಿಯ ಭಾಷೆಗೆ ಒಂದು ರೂಪ ಕೊಟ್ಟವನು ಎಲ್ಲಕ್ಕೂ ಬೆಲೆಯುಳ್ಳ ನಾಣ್ಯದ ಮೇಲಿದ್ದಾನೆ; ರೋಮನ ಚಕ್ರವರ್ತಿ ಮಾರ್ಕಸ್ ಔರೇಲಿಯಸನು ಕುದುರೆಯನ್ನೇರಿಕೊಂಡೇ ಐವತ್ತು ಸೆಂಟಿಗೆ ಇಳಿದಿದ್ದಾನೆ. ಆಸ್ಟ್ರಿಯದವರು ಎರಡು ಯೂರೋದ ಮೇಲೆ, 1905ರಲ್ಲಿ ಶಾಂತಿಗಾಗಿ ನೋಬೆಲ ಬಹುಮಾನ ಪಡೆದ ಬೆರ್ಟಾ ಫಾನ್ ಸುಟ್ನರ್ ಎಂಬ ಮಹಿಳೆಯನ್ನು ಇರಿಸಿದರು. ಗ್ರೀಕರ ಒಂದು ಯೂರೋದ ಮೇಲಿನ ಗೂಬೆಯು ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೇನ್ಸಿನ ನಾಲ್ಕು ದ್ರಾಖ್ಮದ ನಾಣ್ಯದಿಂದ ಇಳಿಸಿಕೊಂಡದ್ದು. ಹೀಗೆ ಹೋದ ದ್ರಾಖ್ಮವು ಬಂದ ಯೂರೋದ ಬೆನ್ನ ಮೇಲೆಯೇ ಕುಳಿತಿರುವದು.

ಐರಿಶರ ವಿಷಯವನ್ನು ನಮ್ಮ ಓದುಗರಿಗೆ ವಿಸ್ತಾರವಾಗಿ ಹೇಳಬೇಕಾಗಿಲ್ಲ. ಅವರ ಸ್ವಾತಂತ್ರ್ಯದ ಹೋರಾಟವನ್ನು ನಮ್ಮ ಹಿರಿಯರು ಕಣ್ಣಿಟ್ಟು ನೋಡುತ್ತಿದ್ದವರು. ಆಂಗ್ಲರ ಅರಸನ ಮುಖವನ್ನು ನಾಣ್ಯದಿಂದ ತೆಗೆದುಹಾಕಿದಾಗ ಅಲ್ಲಿ ಏನನ್ನು ಇಡಬೇಕೆಂದು ಗೊತ್ತುಪಡಿಸಲು ಅವರು ಒಂದು ಸಮಿತಿಯನ್ನು ನೇಮಿಸಿದರು. ಅಧ್ಯಕ್ಷನಾದವನು ಕವಿ ಯೇಟ್ಸನು. 1928ರಲ್ಲಿ ಹೊರಬಂದ ಆ ನಾಣ್ಯಗಳ ಒಂದು ಮಗ್ಗಲಿಗೆ ಅವರ ಪುರಾತನ ಹಾರ್ಪ ವಾದ್ಯ, ಇನ್ನೊಂದು ಮಗ್ಗಲಿಗೆ ಕುದುರೆ, ಹೋರಿ, ಮೀನು, ಮೊಲ, ಮರಿಗಳೊಡನೆ ಕೋಳಿ, ಮರಿಗಳೊಡನೆ ಹಂದಿ. ರಾಜಕಾರಣದ ಒಬ್ಬ ಮುಖಂಡನ ಚಿತ್ರವನ್ನೂ ಇಡಲಿಲ್ಲ. ಒಕ್ಕಲಿಗನ ಹಿತ್ತಲಲ್ಲಿ ಓಡಾಡುವ ಪ್ರಾಣಿಗಳನ್ನು ಇಟ್ಟರು! 2002ರಲ್ಲಿ ಯೂರೋ ಬಂದಾಗ ಪ್ರಾಣಿಗಳು ಹೋದವು, ಹಾರ್ಪ ಉಳಿಯಿತು. ಪಕ್ಕದಲ್ಲಿ ತಮ್ಮ ಭಾಷೆಯಲ್ಲಿ, ತಮ್ಮ ಹಳೆಯ ಅಕ್ಷರದ ಮೋಡಿಯಲ್ಲಿ, 'ಏರೆ' ಎಂದು ನಾಡಿನ ಹೆಸರು. ಅಲ್ಲಿಯ ಬಹುಸಂಖ್ಯಾಕರು ದಿನದ ವ್ಯವಹಾರವನ್ನು ಇಂಗ್ಲಿಷಿನಲ್ಲಿಯೇ ನಡೆಸುವರಾದರೂ ನಾಣ್ಯದ ಮೇಲೆ ಇಂಗ್ಲಿಷಿನಲ್ಲಿ ನಾಡಿನ ಹೆಸರಿಲ್ಲ.

ಆದರೆ ನಮ್ಮನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ದೊಡ್ಡ ರಾಷ್ಟ್ರಗಳ ನಾಣ್ಯಗಳಲ್ಲ. ಇಪ್ಪತ್ತೇ ಲಕ್ಷದಷ್ಟು ಜನಸಂಖ್ಯೆಯುಳ್ಳ ಸ್ಲೊವೇನಿಯವೆಂಬ ಪುಟ್ಟ ನಾಡೊಂದುಂಟು. ಅದು 2007ರಲ್ಲಿ ಯೂರೋವನ್ನು ಸ್ವೀಕರಿಸಿತು. ಅದರ ಒಂದು ಯೂರೋದ ಮೇಲೆ ಇರುವವನು ಪ್ರಿಮೊಜ್ ತ್ರುಬರ್. ಅರಸನಲ್ಲ, ದಂಡನಾಯಕನಲ್ಲ; 1550ರಲ್ಲಿ ಸ್ಲೊವೇನಿ ಭಾಷೆಯ ಮೊಟ್ಟ ಮೊದಲಿನ ಅಚ್ಚಿನ ಪುಸ್ತಕವನ್ನು ಹೊರಡಿಸಿದ ಪಾದ್ರಿ. ಎರಡು ಯೂರೋದ ಮೇಲೆ ಅವರ ಕವಿ ಪ್ರೆಶೆರನ್, ಅವನ ಕವಿತೆಯ ಒಂದು ಸಾಲಿನೊಡನೆ. ಶತಮಾನಗಳ ಕಾಲ ಪರರ ಆಡಳಿತದಲ್ಲಿದ್ದು, 1991ರಲ್ಲಿ ಸ್ವತಂತ್ರವಾದ ಜನಾಂಗವಿದು. ಅರಸುಮನೆತನದ ಹೆಮ್ಮೆಯಿಲ್ಲದವರಿಗೆ ಪುಸ್ತಕವೇ ಕೋಟೆಯಾಯಿತು.

ಅವರ ಎರಡು ಸೆಂಟಿನ ನಾಣ್ಯವು ಬೆಲೆಯಲ್ಲಿ ಕಿರಿದಾದರೂ ಅರ್ಥದಲ್ಲಿ ಭಾರವಾದದ್ದು. ಅದರ ಮೇಲೆ ಒಂದು ಕಲ್ಲಿನ ಚಿತ್ರವುಂಟು. ರೋಮನ ಕಾಲದ ಕಂಬವೊಂದರ ತುಂಡನ್ನು ತಲೆಕೆಳಗಾಗಿ ನೆಟ್ಟ ಕಲ್ಲದು. ಮಧ್ಯಯುಗದಲ್ಲಿ ಆ ಸೀಮೆಯ ಹೊಸ ದೊರೆಯನ್ನು ಅದರ ಬಳಿಯಲ್ಲಿ, ಸ್ಲೊವೇನಿ ಮಾತಿನಲ್ಲಿ ವಿಧಿಯನ್ನು ನಡೆಯಿಸಿ ಅಧಿಕಾರಕ್ಕೆ ಏರಿಸುತ್ತಿದ್ದರು. ಆ ಕಲ್ಲು ಇಂದು ಇರುವದು ಸ್ಲೊವೇನಿಯದಲ್ಲಲ್ಲ, ಆಸ್ಟ್ರಿಯದ ಕಾರಿಂಥಿಯ ಪ್ರಾಂತದ ಕ್ಲಾಗನಫುರ್ಟ ನಗರದಲ್ಲಿ. 1920ರ ಜನಮತಗಣನೆಯಿಂದ ಆ ಸೀಮೆಯು ಆಸ್ಟ್ರಿಯದ ಪಾಲಿಗೆ ಹೋಗಿ, ಸ್ಲೊವೇನಿ ಮಾತಾಡುವ ಸಾವಿರಾರು ಜನರು ಗಡಿಯಾಚೆ ಉಳಿದರು. ಅವರ ಹಳ್ಳಿಗಳ ಹೆಸರಿನ ಹಲಗೆಗಳ ಮೇಲೆ ಅವರ ಭಾಷೆಯೂ ಇರಬೇಕೋ ಬೇಡವೋ ಎಂಬ ಜಗಳವು 2011ರಲ್ಲಿ ಬಗೆಹರಿಯುವ ವರೆಗೆ ನಡೆದೇ ಇದ್ದಿತು. ಅಂದ ಮೇಲೆ ಆ ಕಲ್ಲು ನೆರೆಯವರ ನಾಣ್ಯದ ಮೇಲೆ ಬಂದಾಗ ಕಾರಿಂಥಿಯದ ಮುಖಂಡರು ಕೂಗೆಬ್ಬಿಸಿದ್ದು ಅಚ್ಚರಿಯಲ್ಲ. ಕೂಗು ಕೂಗಾಗಿಯೇ ಉಳಿಯಿತು, ನಾಣ್ಯವು ಚಲಾವಣೆಗೆ ಬಂದಿತು, ಕಾಯದೆಯ ಪ್ರಕಾರ ಕ್ಲಾಗನಫುರ್ಟದ ಅಂಗಡಿಗಳಲ್ಲಿಯೂ ಸಲ್ಲುವಂತಾಯಿತು. ಗಡಿಯಾಚೆ ಉಳಿದ ಭಾಷಾಬಾಂಧವರ ನೆನಪೇನೆಂಬದು ಕಾಸರಗೋಡಿನ ಹೆಸರು ಕೇಳಿದವರಿಗೆ ತಿಳಿಯದ ಮಾತಲ್ಲ.

ಇಂಥ ಜಗಳಗಳು ಇನ್ನೂ ಇವೆ. 2015ರಲ್ಲಿ ವಾಟರ್ಲೂ ಕದನಕ್ಕೆ ಇನ್ನೂರು ವರ್ಷ ತುಂಬಿತೆಂದು ಬೆಲ್ಜಿಯಂ ದೇಶವು ಎರಡು ಯೂರೋದ ಸ್ಮಾರಕ ನಾಣ್ಯವನ್ನು ಹೊರಡಿಸಹೋದಾಗ, ಸೋತ ನೆನಪನ್ನು ನಮ್ಮ ಜೇಬಿಗೆ ಹಾಕಬೇಡಿರೆಂದು ಫ್ರಾನ್ಸವು ತಕರಾರು ಮಾಡಿತು. ಆಗಲೇ ಅಚ್ಚಾಗಿದ್ದ ಸುಮಾರು 1,80,000 ನಾಣ್ಯಗಳನ್ನು ಬೆಲ್ಜಿಯಂ ಕೈಬಿಡಬೇಕಾಯಿತು. ಆದರೆ ಅವರಲ್ಲಿಯೂ ಒಳ್ಳೆಯ ವಕೀಲರಿದ್ದರೆಂದು ಕಾಣುತ್ತದೆ. ರೂಢಿಯಲ್ಲಿಲ್ಲದ ಬೆಲೆಯ ನಾಣ್ಯವು ಹೊರಡಿಸಿದ ದೇಶದಲ್ಲಿ ಮಾತ್ರ ಸಲ್ಲುವದು, ಅದಕ್ಕೆ ಇತರರ ಒಪ್ಪಿಗೆ ಬೇಕಾಗಿಲ್ಲ ಎಂಬ ಕಲಮನ್ನು ಹುಡುಕಿ ತೆಗೆದು, ಎರಡೂವರೆ ಯೂರೋದ ನಾಣ್ಯವನ್ನು ಹೊಡೆಯಿಸಿ ವಾಟರ್ಲೂವನ್ನು ಅದರ ಮೇಲೆ ಕೂಡ್ರಿಸಿದರು! ಕ್ರೊವೇಶಿಯವು 2023ರಲ್ಲಿ ಸೇರಿದಾಗ ನಿಕೊಲ ಟೆಸ್ಲನೆಂಬ ವಿದ್ಯುಚ್ಛಾಸ್ತ್ರಜ್ಞನನ್ನು ಆರಿಸಿಕೊಂಡಿತು; ಅವನು 1856ರಲ್ಲಿ ಹುಟ್ಟಿದ ಹಳ್ಳಿ ಇಂದಿನ ಕ್ರೊವೇಶಿಯದಲ್ಲಿದೆ, ಆದರೆ ಹುಟ್ಟಿದ ಮನೆ ಸರ್ಬ ಪಾದ್ರಿಯದು, ಸರ್ಬಿಯದ ನೂರು ದಿನಾರಿನ ನೋಟಿನ ಮೇಲೆ ಅವನದೇ ಮುಖ. ಸರ್ಬಿಯದ ರಾಷ್ಟ್ರೀಯ ಬ್ಯಾಂಕು ಆಕ್ಷೇಪಿಸಿತು. ಮಹಾಪುರುಷನೊಬ್ಬನು ಇಬ್ಬರಿಗೆ ಸೇರಿದವನಾಗಿರಬಹುದೆಂಬದನ್ನು ಒಪ್ಪಲು ಇಬ್ಬರಿಗೂ ಕಷ್ಟ.

ಅದೇ ಕ್ರೊವೇಶಿಯವು ಒಂದು, ಎರಡು, ಐದು ಸೆಂಟುಗಳ ಮೇಲೆ ಯಾವ ಚಿತ್ರವನ್ನೂ ಇಡದೆ, ಗ್ಲಾಗೊಲಿತಿಕವೆಂಬ ತನ್ನ ಪುರಾತನ ಲಿಪಿಯ ಎರಡು ಅಕ್ಷರಗಳನ್ನು ಬೆಸೆದು ಇಟ್ಟಿದೆ. ಆ ಲಿಪಿಯನ್ನು ಒಂಬತ್ತನೆಯ ಶತಮಾನದಲ್ಲಿ ರಚಿಸಿದವನು ಸಂತ ಸಿರಿಲನು. ಅವನೂ ಅವನ ಅಣ್ಣ ಮೆಥೋಡಿಯಸನೂ ಮೊರಾವಿಯಕ್ಕೆ ಬಂದು 1150 ವರ್ಷ ತುಂಬಿತೆಂದು 2013ರಲ್ಲಿ ಸ್ಲೊವಾಕಿಯವು ಸ್ಮಾರಕ ನಾಣ್ಯವನ್ನು ಯೋಜಿಸಿದಾಗ, ಸಂತರ ತಲೆಯ ಸುತ್ತಲಿನ ಪ್ರಭಾವಳಿಯನ್ನೂ ಉಡುಪಿನ ಮೇಲಿನ ಶಿಲುಬೆಯನ್ನೂ ತೆಗೆಯಬೇಕೆಂದು ಕೆಲವು ಸದಸ್ಯರಾಷ್ಟ್ರಗಳು ಹಟ ಹಿಡಿದವು. ಸ್ಲೊವಾಕಿಯದ ಬ್ಯಾಂಕು ಮೊದಲು ತಲೆಬಾಗಿತು. ಆದರೆ ಜನರು ತಲೆಬಾಗಲಿಲ್ಲ. ಕೊನೆಗೆ ಪ್ರಭಾವಳಿಯೂ ಶಿಲುಬೆಯೂ ಇದ್ದ ಹಾಗೆಯೇ ನಾಣ್ಯವು ಹೊರಬಂದಿತು. ನಮಗೆ ಇಲ್ಲಿ ಧರ್ಮದ ಪಕ್ಷವಿಲ್ಲ. ಅಕ್ಷರ ಕೊಟ್ಟವರನ್ನು ಜನರು ಯಾವ ವೇಷದಲ್ಲಿ ಪೂಜಿಸುತ್ತ ಬಂದಿದ್ದಾರೋ ಆ ವೇಷದಲ್ಲಿಯೇ ತೋರಿಸುವದು ನ್ಯಾಯ. ಅವರ ಶಿಷ್ಯಪರಂಪರೆಯಿಂದ ಬೆಳೆದ ಸಿರಿಲಿಕ ಲಿಪಿಯು ಈಗ ಬಲ್ಗೇರಿಯದ ನಾಣ್ಯಗಳೊಡನೆ ಯುರೋಪದ ಎಲ್ಲ ಪೇಟೆಗಳಿಗೂ ಹೊರಟಿರುವದು. ಬಲ್ಗೇರಿಯದ ಎರಡು ಯೂರೋದ ಮೇಲೆ ಇರುವ ಪಾಯಿಸಿ ಎಂಬ ಸನ್ಯಾಸಿಯು 1762ರಲ್ಲಿ ತನ್ನ ಜನರ ಇತಿಹಾಸವನ್ನು ಬರೆದು, ಮರೆತುಹೋದ ಹೆಸರನ್ನು ಅವರಿಗೆ ನೆನಪು ಮಾಡಿಕೊಟ್ಟವನು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ'ವು ಹೊರಬಂದಾಗ ನಮ್ಮಲ್ಲಿ ಆದದ್ದೂ ಇದೇ ಅಲ್ಲವೇ?

ಸೈಪ್ರಸಿನ ನಾಣ್ಯವನ್ನು ನೋಡಿದರೆ ಮನಸ್ಸು ಮರುಗುವದು. 1974ರಿಂದ ಆ ದ್ವೀಪವು ಎರಡು ಹೋಳು. ಉತ್ತರದಲ್ಲಿ ತುರ್ಕರು, ದಕ್ಷಿಣದಲ್ಲಿ ಗ್ರೀಕರು. 2008ರಲ್ಲಿ ಯೂರೋವನ್ನು ಸ್ವೀಕರಿಸಿದ ದಕ್ಷಿಣದ ಸರಕಾರವು ನಾಡಿನ ಹೆಸರನ್ನು ಗ್ರೀಕ ಭಾಷೆಯಲ್ಲಿಯೂ ತುರ್ಕಿ ಭಾಷೆಯಲ್ಲಿಯೂ ಕೊರೆಯಿಸಿತು. ತುರ್ಕಿ ಭಾಷೆಯು ಯುರೋಪ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಇಲ್ಲವೇ ಇಲ್ಲ. ಆದರೂ ಒಕ್ಕೂಟದ ನಾಣ್ಯದ ಮೇಲೆ ಇದೆ. ಹತ್ತು, ಇಪ್ಪತ್ತು, ಐವತ್ತು ಸೆಂಟುಗಳ ಮೇಲಿರುವ ಪ್ರಾಚೀನ ಹಡಗು ಸಿಕ್ಕದ್ದು ಕಿರೀನಿಯದ ಕಡಲಿನಲ್ಲಿ. ಆ ಊರು ಇಂದು ಗೆರೆಯ ಆಚೆಗಿದೆ, ಹಡಗೂ ಅಲ್ಲಿಯೇ ಇದೆ. ತಮ್ಮ ಕೈಗೆ ಎಟಕದ ಹಡಗನ್ನು ಅವರು ಪ್ರತಿದಿನ ಕೈಯಿಂದ ಕೈಗೆ ದಾಟಿಸುತ್ತಿದ್ದಾರೆ.

ಲಾಟ್ವಿಯದ ಕಥೆಯನ್ನೂ ಹೇಳಿಬಿಡಬೇಕು. 1929ರಲ್ಲಿ ಆ ಎಳೆಯ ಗಣರಾಜ್ಯವು ಐದು ಲಾಟಿನ ಬೆಳ್ಳಿಯ ನಾಣ್ಯವನ್ನು ಹೊರಡಿಸಿತು. ಅದರ ಮೇಲೆ ನಾಡಿನ ಉಡುಪು ತೊಟ್ಟು, ಹೆಗಲ ಮೇಲೆ ತೆನೆಗಳನ್ನು ಹೊತ್ತ ಹಳ್ಳಿಯ ಹುಡುಗಿ. ಜನರು ಅವಳನ್ನು ಪ್ರೀತಿಯಿಂದ ಮಿಲ್ಡಾ ಎಂದು ಕರೆದರು. 1940ರಲ್ಲಿ ರಶಿಯದ ಸೋವಿಯತ ಸರಕಾರವು ನಾಡನ್ನು ನುಂಗಿದಾಗ ನಾಣ್ಯವು ಪೇಟೆಯಲ್ಲಿ ಸಲ್ಲದೆ ಹೋಯಿತು. ಆದರೆ ಎಷ್ಟೋ ಮನೆಗಳಲ್ಲಿ ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟರು. ಐವತ್ತು ವರ್ಷ ಕಳೆದು ಸ್ವಾತಂತ್ರ್ಯವು ಮರಳಿ ಬಂದಿತು. 2014ರಲ್ಲಿ ಯೂರೋವೂ ಬಂದಿತು. ಒಂದು ಮತ್ತು ಎರಡು ಯೂರೋಗಳ ಮೇಲೆ ಮುಖವನ್ನು ಆರಿಸುವ ಹೊತ್ತಿಗೆ ಮಿಲ್ಡಾಳೇ ಪೆಟ್ಟಿಗೆಯಿಂದ ಎದ್ದು ಬಂದಳು. ಪೇಟೆಯಲ್ಲಿ ಏನೂ ಬೆಲೆಯಿಲ್ಲದ ನಾಣ್ಯವನ್ನು ಐವತ್ತು ವರ್ಷ ಕಾಯ್ದಿಟ್ಟವರ ವಿಷಯದಲ್ಲಿ ಅರ್ಥಶಾಸ್ತ್ರಜ್ಞರು ಏನು ಹೇಳುವರೋ ನಾವರಿಯೆವು.

ಇಷ್ಟೆಲ್ಲ ಹೊಗಳಿದ ಮೇಲೆ ನಾಣ್ಯದ ಇನ್ನೊಂದು ಮಾತನ್ನು ಮರೆಮಾಚುವದು ಸಲ್ಲದು. ಗೂಬೆಯ ಯೂರೋ ಮತ್ತು ಹದ್ದಿನ ಯೂರೋ ಕಾಯದೆಯಲ್ಲಿ ಸಮಾನ. ಆದರೆ ಗೂಬೆಯ ನಾಡೂ ಹದ್ದಿನ ನಾಡೂ ಸಂಕಟದ ಕಾಲಕ್ಕೆ ಸಮಾನವಾಗಿರಲಿಲ್ಲ. ಸಾಲದ ಹೊರೆಯಲ್ಲಿ ಸಿಕ್ಕಿದ ಗ್ರೀಸಿನಲ್ಲಿ 2015ರ ಜೂನ ತಿಂಗಳ ಕೊನೆಯಿಂದ ಮೂರು ವಾರಗಳ ಕಾಲ ಬ್ಯಾಂಕುಗಳು ಬಾಗಿಲು ಮುಚ್ಚಿದ್ದವು. ತಮ್ಮದೇ ದುಡ್ಡಿನಲ್ಲಿ ದಿನಕ್ಕೆ 60 ಯೂರೋ ಮಾತ್ರ ತೆಗೆಯಬಹುದೆಂದು ಜನರು ಯಂತ್ರಗಳ ಮುಂದೆ ಸಾಲು ನಿಂತರು. ನಾಣ್ಯದ ಮೇಲೆ ಮುಖವಿದ್ದ ಮಾತ್ರಕ್ಕೆ ನಾಣ್ಯದ ಮೇಲೆ ಅಧಿಕಾರವಿದ್ದಂತೆ ಆಗಲಿಲ್ಲ. ಇದಕ್ಕೂ ಕೆಳಗಿನ ಮೆಟ್ಟಿಲೊಂದುಂಟು. ಕೊಸೊವೊ, ಮಾಂಟೆನೆಗ್ರೊ ಎಂಬ ಎರಡು ನಾಡುಗಳು ಯಾವ ಕರಾರೂ ಇಲ್ಲದೆ ಯೂರೋವನ್ನೇ ಬಳಸುತ್ತಿವೆ. ಅವುಗಳಿಗೆ ಒಂದು ಸೆಂಟನ್ನಾದರೂ ಟಂಕಿಸುವ ಹಕ್ಕಿಲ್ಲ. ದುಡಿಯುವದು, ಎಣಿಸುವದು, ತೆರಿಗೆ ಕೊಡುವದು ಎಲ್ಲವೂ ಇತರರ ಮುಖಗಳಿರುವ ನಾಣ್ಯದಿಂದಲೇ. ಗೇಣಿದಾರನ ಸ್ಥಿತಿ ಅವರದು, ಒಡೆಯನದಲ್ಲ.

ಈ ಬಿಲ್ಲೆಗಳನ್ನು ಮುಂದಿಟ್ಟುಕೊಂಡು ಕುಳಿತಾಗ ನಮ್ಮ ನಾಣ್ಯಗಳ ನೆನಪಾಗದೆ ಇರಲಾರದು. ಒಂದೇ ಮಾತಿನ ಜನರು ಎರಡು ನಾಣ್ಯಗಳ ನಡುವೆ ಹಂಚಿಹೋದರೆ ಏನಾಗುವದೆಂಬದನ್ನು ಕನ್ನಡಿಗರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಬೀದರ, ಕಲಬುರ್ಗಿ, ರಾಯಚೂರುಗಳಲ್ಲಿ ನಿಜಾಮರ ಹಾಲಿ ಸಿಕ್ಕಾ. ವಿಜಾಪುರ, ಧಾರವಾಡಗಳಲ್ಲಿ ಕಲ್ದಾರ ರೂಪಾಯಿ. ಆ ಏಳಕ್ಕೆ ಈ ಆರು. ಗಡಿಯ ಈಚೆ ಮಗಳನ್ನು ಕೊಟ್ಟ ತಂದೆಯು ಉಡುಗೊರೆಯ ಸೀರೆ ಕೊಳ್ಳುವ ಮುನ್ನ ವಟ್ಟದ ಲೆಕ್ಕವನ್ನು ಮಾಡಬೇಕಾಗಿದ್ದಿತು. ಆ ನಾಣ್ಯದ ಮೇಲೆ ಚಾರಮಿನಾರವಿದ್ದಿತು. ಕಲ್ದಾರದ ಮೇಲೆ ಆಂಗ್ಲರ ಅರಸನಿದ್ದನು. ಇದಕ್ಕೂ ಹಿಂದೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ ಕನ್ನಡ ಅಕ್ಷರದಲ್ಲಿ 'ಶ್ರೀ ಚಾಮುಂಡಿ' ಎಂದೂ 'ಮಯಿಲಿ ಕಾಸು' ಎಂದೂ ಬರೆದಿದ್ದುದುಂಟು. 1843ರಲ್ಲಿ ಆ ಟಂಕಸಾಲೆಯು ನಿಂತಿತು. ತರುವಾಯ ಏಳನೆಯ ಎಡ್ವರ್ಡನ ಕಾಲದಲ್ಲಿ ಆಂಗ್ಲ ಸರಕಾರವು ಹೊರಡಿಸಿದ ಒಂದಾಣೆಯ ಮೇಲೆ ಬೆಲೆಯನ್ನು ಇಂಗ್ಲಿಷಲ್ಲದೆ ನಾಗರಿ, ಉರ್ದು, ಬಂಗಾಲಿ, ತೆಲುಗು ಎಂಬ ನಾಲ್ಕು ಲಿಪಿಗಳಲ್ಲಿ ಬರೆದಿದ್ದರು. ಕನ್ನಡವಿರಲಿಲ್ಲ. ತೆಲುಗಿನ ಅಕ್ಷರವು ನಮ್ಮ ಅಕ್ಷರದ ಅಕ್ಕನಂತೆ ಇರುವದರಿಂದ ನಮ್ಮವರು ಅದನ್ನೇ ಓದಿ ಸಮಾಧಾನಪಟ್ಟಿರಬೇಕು.

ಇಂದಿನ ನೋಟಿನ ಮೇಲೆ ಹದಿನೈದು ಭಾಷೆಗಳ ಪಟ್ಟಿಯುಂಟು, ಅದರಲ್ಲಿ ಕನ್ನಡವುಂಟು. ನಾಣ್ಯದ ಮೇಲೆ ನಾಗರಿ ಮತ್ತು ಇಂಗ್ಲಿಷ ಅಕ್ಷರಗಳು ಮಾತ್ರ. ಯುರೋಪದವರು ಮಾಡಿದ್ದಕ್ಕೆ ಇದು ತೀರ ವಿರುದ್ಧ. ಅಲ್ಲಿ ನಾಣ್ಯವು ಮಾತಾಡುವದು, ನೋಟು ಮೌನ. 2006ರಲ್ಲಿ ನಮ್ಮ ಸರಕಾರವು ಮಹಾತ್ಮಾ ಬಸವೇಶ್ವರರ ಹೆಸರಿನಲ್ಲಿ ಐದು ರೂಪಾಯಿಯ ನಾಣ್ಯವನ್ನು ಹೊರಡಿಸಿದಾಗ ನಮಗೆ ಸಂತೋಷವಾಯಿತು. ಆದರೆ ಸಂಸ್ಕೃತವನ್ನು ಬಿಟ್ಟು ಜನರ ಕನ್ನಡದಲ್ಲಿಯೇ ಮಾತಾಡಿದ ಆ ಮಹಾಪುರುಷರ ಹೆಸರು ಕೂಡ ಅದರ ಮೇಲೆ ಕನ್ನಡದಲ್ಲಿ ಇರಲಿಲ್ಲ. ತ್ರುಬರನ ನಾಣ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದರು.

ಯುರೋಪದ ರಾಷ್ಟ್ರಗಳು ಒಂದೊಂದೂ ಸಾರ್ವಭೌಮ. ನಮ್ಮ ಪ್ರಾಂತಗಳು ಹಾಗಲ್ಲ, ಆದುದರಿಂದ ಈ ಹೋಲಿಕೆಯೇ ತಪ್ಪೆಂದು ಕೆಲವರು ಹೇಳಬಹುದು. ಒಪ್ಪಿದೆವು. ಗಂಡಭೇರುಂಡವನ್ನು ರೂಪಾಯಿಯ ಮೇಲೆ ಕೂಡ್ರಿಸಿರೆಂದು ನಾವು ಕೇಳುತ್ತಿಲ್ಲ. ಅಶೋಕನ ಸಿಂಹವು ಇದ್ದಲ್ಲಿಯೇ ಇರಲಿ, ಅದು ಎಲ್ಲರದು. ನಾವು ಕೇಳುವದು ಬೆಲೆಯ ಮಗ್ಗಲಿನಲ್ಲಿ ಅಕ್ಷರಗಳನ್ನು, ಅದೂ ನಮ್ಮದೊಂದನ್ನೇ ಅಲ್ಲ. ನೋಟಿನ ಮೇಲೆ ಯಾವ ಭಾಷೆಗಳಿಗೆ ಸ್ಥಾನ ಸಿಕ್ಕಿದೆಯೋ ಆ ಭಾಷೆಗಳಲ್ಲಿ ವರ್ಷಕ್ಕೆ ನಾಲ್ಕರಂತೆ ಸರತಿಯಿಂದ ನಾಣ್ಯದ ಮೇಲೆ ಬೆಲೆಯನ್ನು ಬರೆದರೆ, ನಾಲ್ಕು ವರ್ಷಗಳೊಳಗೆ ಎಲ್ಲವೂ ಒಂದು ಸುತ್ತು ಬಂದುಹೋಗುವವು. ಅಸ್ಸಾಮಿನ ಅಕ್ಷರವು ಮಂಗಳೂರಿಗೂ ಕನ್ನಡದ ಅಕ್ಷರವು ಕಾಶ್ಮೀರಕ್ಕೂ ಚಿಲ್ಲರೆಯ ದಾರಿಯಿಂದಲೇ ಹೋಗಿ ಮುಟ್ಟುವವು. ನಾಣ್ಯವು ಚಿಕ್ಕದು, ಜಾಗ ಸಾಲದೆಂಬ ಮಾತೊಂದು ಉಳಿಯುವದು. ಇಂದಿನ ಹತ್ತು ರೂಪಾಯಿಯ ನಾಣ್ಯದ ಅಗಲ 27 ಮಿಲಿಮೀಟರು. ನಾಲ್ಕು ಲಿಪಿಗಳನ್ನು ಹೊತ್ತಿದ್ದ ಆ ಒಂದಾಣೆಯು ಅದಕ್ಕಿಂತ ಚಿಕ್ಕದಾಗಿದ್ದಿತು, ಮೇಲಾಗಿ ಅದನ್ನು ಹೊಡೆಯಿಸಿದವರು ಪರಕೀಯರು.

ಗೂಬೆಯ ನಾಣ್ಯವನ್ನು ಮಕ್ಕಳಿಗೆ ತೋರಿಸಬೇಕೆಂದು ಮಾಸ್ತರರು ಅಂದೇ ಕೇಳಿಕೊಂಡು ಶಾಲೆಗೆ ಒಯ್ದರು. ಅದು ಇನ್ನೂ ಮರಳಿ ಬಂದಿಲ್ಲವೆಂದು ಸ್ನೇಹಿತರು ನಿನ್ನೆ ಹೇಳಿದರು.